ಶ್ರಾವಣ ಶನಿವಾರದ ಎಳ್ಳುಂಡೆ

ರಾಯಚರ್ಲು
30 ಜೂನ್ 2024

ಭೀಮರಾಜಣ್ಣನಿಗೆ ಯಶೋಧರಾ ಮಾಡುವ ಜೈಭೀಮ್.

ಫೋನ್ ಮಾಡಿದರೆ ನೀನು "ಊಟ ಆಯ್ತಾ, ಮಳೆ ಬಂತಾ" ಎಂದು ಎರಡು ಮಾತು ಕೇಳಿ ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಲೈಬ್ರರಿಯವನು ಕಾಗದವನ್ನಾದರೂ ಕೊನೆಯವರೆಗೆ ಓದಲೇಬೇಕಲ್ಲ.

ವಿಷಯ ಹೀಗಿದೆ. ನಮ್ಮೂರಿನ ಹೊಲಗಳು ಕರೆಂಟು ತಯಾರಿಸುವ ಸೋಲಾರ್‌ಗೆ ಹೋಗಿ ಏಳೆಂಟು ವರ್ಷವಾಯಿತು. ಹೊಲ ಇದ್ದವರಿಗೆ ವರ್ಷಕ್ಕೊಮ್ಮೆ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಹೆಂಗಸರಿಗೆ ಏನೂ ಬರುವುದಿಲ್ಲ. ಅಂಥ ಐದು ಜನರನ್ನು ಸೇರಿಸಿಕೊಂಡು ನಾನು ಸಂಘ ಮಾಡಿದ್ದು ನಿನಗೆ ಗೊತ್ತು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಡಲೆಬೀಜದ ಉಂಡೆ, ಎಳ್ಳುಂಡೆ ಕಟ್ಟುತ್ತೇವೆ. ಮದುವೆ ಕಾಲದಲ್ಲಿ ಕೈತುಂಬ ಕೆಲಸ, ಉಳಿದಂತೆ ನೊಣ ಹೊಡೆಯುವುದು.

ಈಗ ಆಂಧ್ರದ ಕಡೆಯ ಒಂದು ಗಾರ್ಮೆಂಟ್ಸ್‌ನವರು ಬಂದು ಹೆಸರು ಬರೆದುಕೊಳ್ಳುತ್ತಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಬೆಳಿಗ್ಗೆ ಆರಕ್ಕೆ ವ್ಯಾನು ಬರುತ್ತದಂತೆ, ರಾತ್ರಿ ಎಂಟಕ್ಕೆ ತಂದು ಬಿಡುತ್ತದಂತೆ. ಐವರೂ ಹೆಸರು ಕೊಟ್ಟಿದ್ದಾರೆ. ತಪ್ಪೇನಿಲ್ಲ, ಹೊಟ್ಟೆ ಕೇಳಬೇಕಲ್ಲ. ಆದರೆ ಅವರಲ್ಲಿ ಮಹಾಲಕ್ಷ್ಮಮ್ಮ ಎಂಬ ಹೆಂಗಸು ಬೆಲ್ಲದ ಪಾಕವನ್ನು ಮೂಸಿಯೇ ಹದ ಹೇಳುವವಳು. ಅವಳು ಹೋಗಿ ಗುಂಡಿ ಹೊಲಿಯುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಸಂಕ್ರಾಂತಿವರೆಗೆ ನನಗೆ ಸಮಯ ಕೊಡಿ ಎಂದು ಕೇಳಿಕೊಂಡಿದ್ದೇನೆ.

ತರಬೇತಿ ಕೊಡಲು ಬಂದ ಬ್ಯಾಂಕಿನ ಮೇಡಂ "ಹೊಸದಾಗಿ ಯೋಚನೆ ಮಾಡಿ" ಎಂದು ನಾಲ್ಕು ಸಲ ಹೇಳಿ, ಟೀ ಕುಡಿದು ಹೋದರು. ಹೇಗೆ ಎಂದು ಹೇಳಲಿಲ್ಲ. ನಿನ್ನ ಲೈಬ್ರರಿಯಲ್ಲಿ ಅದನ್ನು ಹೇಳುವ ಪುಸ್ತಕ ಇದೆಯೇ? ಈಗಿನ ಕಾಲದ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ತಿಳಿಸುವಂಥದ್ದು? ಯಾವುದನ್ನು ಓದಬೇಕು ಎಂದು ನೀನೇ ಆರಿಸಿ ಕಳಿಸು.

ನಿನ್ನ ತಂಗಿ
ಯಶೋಧರಾ

*

ಹೊಳವನಹಳ್ಳಿ
6 ಜುಲೈ 2024

ಪ್ರೀತಿಯ ಯಶೋ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ನನ್ನನ್ನು ಏನನ್ನಾದರೂ ಕೇಳಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿದರೆ ಮದುವೆಯ ಬಳಿಕ ಇದೇ ಮೊದಲು. ನಿನ್ನ ಅತ್ತಿಗೆ "ಅದ್ಯಾಕಂಗೆ ಕಾಗದ ಹಿಡ್ಕೊಂಡು ಒಬ್ರೇ ನಗ್ತೀರಿ?" ಎಂದು ಕೇಳಿದಳು.

ಇದೆಯೇ ಎಂದು ಕೇಳುತ್ತೀಯಲ್ಲ! ಒಂದು ಕಪಾಟು ತುಂಬ ಇದೆ. ಮೂರು ವರ್ಷದ ಹಿಂದೆ ಪೆಟ್ಟಿಗೆಯಲ್ಲಿ ಬಂದವು: ಸೃಜನಶೀಲತೆ, ನಾವೀನ್ಯ, ಉದ್ಯಮ, ನಾಯಕತ್ವ. ಮೊದಲು ನೀಲಿ ರಟ್ಟಿನದನ್ನು ಓದು. ಮನುಷ್ಯನಿಗೆ ಹೊಸದು ಹೊಳೆಯುವುದು ಹೇಗೆ ಎಂದು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆಮೇಲೆ ಹಳದಿ. ಅದು ವ್ಯಾಪಾರದಲ್ಲಿ ಹೊಸತನ ತರುವ ದಾರಿಗಳನ್ನು ಹೇಳುತ್ತದೆ. ಕೆಂಪು ದಪ್ಪದ್ದು ಕಡೆಗೆ. ಅದು ಬೆಳೆದ ಮೇಲೆ ಓದುವಂಥದ್ದು. ಮುಖ್ಯವಾದ ಪುಟಗಳಲ್ಲಿ ಚೀಟಿ ಇಟ್ಟಿದ್ದೇನೆ.

ನಮ್ಮದು ಗ್ರಾಮ ಪಂಚಾಯಿತಿಯ ಲೈಬ್ರರಿ, ಪಂಚಾಯಿತಿಯ ಆಚೆಗೆ ಪುಸ್ತಕ ಕೊಡುವ ಹಾಗಿಲ್ಲ. ಹಾಗಾಗಿ ನನ್ನ ಕಾರ್ಡಿನಲ್ಲೇ ತೆಗೆದು, ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿನ ಕಂಡಕ್ಟರ್ ಪಾಲಾಕ್ಷನ ಕೈಗೆ ಕೊಡುತ್ತೇನೆ. ಹದಿನೈದು ದಿನಕ್ಕೆ ವಾಪಸ್ಸು ಬರಬೇಕು. ತಂಗಿ ಎಂದು ಬಿಡುವವನಲ್ಲ ನಾನು. ಪುಟದ ಮೂಲೆ ಮಡಚಬಾರದು, ಪೆನ್ಸಿಲ್ಲಿನಲ್ಲಿ ಗೀಚಬಾರದು, ಎಣ್ಣೆ ಕೈಯಲ್ಲಿ ಮುಟ್ಟಲೇಬಾರದು.

ಭಾವನನ್ನು ಕೇಳಿದೆನೆಂದು ಹೇಳು.

ನಿನ್ನ ಅಣ್ಣ
ಭೀಮರಾಜು

*

ರಾಯಚರ್ಲು
21 ಜುಲೈ 2024

ಅಣ್ಣಾ,

ನೀಲಿ ಪುಸ್ತಕ ಮುಗಿಸಿದೆ. ರಾತ್ರಿ ಇವರು ಸೋಲಾರ್ ಗೇಟಿನ ಕಾವಲಿಗೆ ಹೋದ ಮೇಲೆ ಕೂತು ಓದಿದೆ. ಮೊದಲ ಇಪ್ಪತ್ತು ಪುಟ ಕಬ್ಬಿಣದ ಕಡಲೆ. ಆಮೇಲೆ ರುಚಿ ಹತ್ತಿತು. ಅದರಲ್ಲಿ ಬರುವವರೆಲ್ಲ ಗಾಜಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಆಗ ಅವರಿಗೆ ಹೊಸದು ಹೊಳೆಯುತ್ತದೆ. ನನಗೆ ಕಡಲೆಬೀಜ ಹುರಿಯುವಾಗ ಮಾತ್ರ ಏನಾದರೂ ಹೊಳೆಯುವುದು. ಬರೆದಿಟ್ಟುಕೊಳ್ಳೋಣ ಎಂದರೆ ಬೀಜ ಸೀದುಹೋಗುತ್ತದೆ.

"ಎಲ್ಲರೂ ನೋಡುವ ಕಡೆಯಲ್ಲೇ ಯಾರೂ ಕಾಣದ್ದನ್ನು ಕಾಣು" ಎಂಬ ಸಾಲು ನನಗೆ ಬಹಳ ಹಿಡಿಸಿತು. ನಿನ್ನ ಚೀಟಿ ಇಲ್ಲದ ಪುಟದಲ್ಲಿ ಅದು ಇತ್ತು. ಏಕೆ ಇಡಲಿಲ್ಲ?

ಈಗ ನನ್ನ ಪ್ರಶ್ನೆ ಒಂದೇ. ಉಂಡೆ ಕಟ್ಟುವುದು ನಮಗೆ ಗೊತ್ತು. ಯಾರಿಗೆ ಮಾರುವುದು? ಹಳದಿ ಪುಸ್ತಕ ಏನನ್ನುತ್ತದೆ?

ಯಶೋ

*

ಹೊಳವನಹಳ್ಳಿ
27 ಜುಲೈ 2024

ಪ್ರೀತಿಯ ಯಶೋ,

ಆ ಸಾಲಿಗೆ ಚೀಟಿ ಇಡದಿದ್ದುದು ನಿನ್ನ ಪರೀಕ್ಷೆಗೆ ಎಂದುಕೋ. ಪಾಸಾದೆ.

ಹಳದಿ ಪುಸ್ತಕ ಕಳಿಸಿದ್ದೇನೆ. ಅದರ ತಿರುಳು ಇಷ್ಟು. ಗಿರಾಕಿಯನ್ನು ನಿನ್ನ ಬಾಗಿಲಿಗೆ ಕರೆಯಬೇಡ, ಅವನು ಈಗಾಗಲೇ ಸೇರುವ ಜಾಗಕ್ಕೆ ನೀನು ಹೋಗು. ಅಲ್ಲಿ ಯಾರೂ ಮಾರದೆ ಇರುವ ವಸ್ತು ಯಾವುದೆಂದು ನೋಡು. ಅದಕ್ಕೆ ಅವರು 'ಖಾಲಿ ಜಾಗ' ಎಂದು ಹೆಸರಿಟ್ಟಿದ್ದಾರೆ. ಖಾಲಿ ಜಾಗಕ್ಕೆ ಮೊದಲು ಹೋದವನೇ ಗೆದ್ದ.

ನಿನ್ನೆ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಆಗಸ್ಟ್ ಹತ್ತರಿಂದ ಶ್ರಾವಣ ಶನಿವಾರಗಳು. ಪಾವಗಡದ ಶನಿಮಹಾತ್ಮನಿಗೆ ಎಲ್ಲೆಲ್ಲಿಂದಲೋ ಬಸ್ಸು ತುಂಬಿಕೊಂಡು ಬರುತ್ತಾರೆ. ಶನಿಗೆ ಎಳ್ಳೆಂದರೆ ಪ್ರೀತಿ ಎಂದು ನಮ್ಮಂಥವರಿಗೂ ಗೊತ್ತು. ಪಾಲಾಕ್ಷನನ್ನು ಕೇಳಿದೆ: "ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಎಳ್ಳುಂಡೆ ಮಾರುವವರು ಇದ್ದಾರೇನಪ್ಪ?" "ಒಬ್ರೂ ಇಲ್ಲ ಸಾ" ಎಂದ. ನೋಡಿದೆಯಾ! ಎಳ್ಳಿನ ದೇವರ ಊರಿನಲ್ಲಿ ಎಳ್ಳುಂಡೆ ಮಾರುವವರಿಲ್ಲ. ಇದಕ್ಕಿಂತ ಖಾಲಿ ಜಾಗ ಬೇಕೇ?

ಮೊದಲ ಶನಿವಾರವೇ ಹೋಗು. ಚಿಕ್ಕದಾಗಿ ಯೋಚಿಸಬೇಡ.

ಅಣ್ಣ

*

ರಾಯಚರ್ಲು
7 ಆಗಸ್ಟ್ 2024

ಅಣ್ಣಾ,

ಅವಸರದಲ್ಲಿ ನಾಲ್ಕು ಸಾಲು. ಇಪ್ಪತ್ತು ಕೆ.ಜಿ. ಕರಿ ಎಳ್ಳು ತಂದು ಹುರಿಯುತ್ತಿದ್ದೇವೆ. ಊರೆಲ್ಲ ಘಮಘಮ.

ಯೋಜನೆ ಹೇಳಿದಾಗ ಯಾರೂ ಎದುರಾಡಲಿಲ್ಲ. ಮಹಾಲಕ್ಷ್ಮಮ್ಮ ಏನೋ ಹೇಳಲು ಬಾಯಿ ತೆರೆದವಳು, "ಇದು ಪುಸ್ತಕದಾಗ ಐತಾ ಯಶೋದಮ್ಮ?" ಎಂದು ಕೇಳಿದಳು. ಇದೆ ಎಂದೆ. "ಅಂಗಾದ್ರೆ ಏಂ ಚೇಸ್ತಾಂ, ಏನ್ ಮಾಡಾದು, ಮಾಡನ ಬುಡಮ್ಮ" ಎಂದು ತೆಲುಗು ಬೆರೆಸಿ ಹೇಳಿ ಕಡಾಯಿ ಕಡೆಗೆ ತಿರುಗಿದಳು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಸಹನಾ, ಪಿಯುಸಿ ಓದಿದ ಹುಡುಗಿ. ಅವಳು ಮಾತ್ರ ಮಹಾಲಕ್ಷ್ಮಮ್ಮನ ಮುಖ ನೋಡುತ್ತ ನಿಂತಿದ್ದಳು. ಇಷ್ಟು ಒಗ್ಗಟ್ಟು ನಮ್ಮ ಸಂಘದಲ್ಲಿ ಎಂದೂ ಇರಲಿಲ್ಲ. ನನಗೆ ಹೆಮ್ಮೆಯಾಯಿತು.

ಶನಿವಾರ ಮೊದಲ ಬಸ್ಸಿಗೆ ಹೊರಡುತ್ತೇವೆ.

ಯಶೋ

*

ಹೊಳವನಹಳ್ಳಿ
20 ಆಗಸ್ಟ್ 2024

ಪ್ರೀತಿಯ ಯಶೋ,

ಎರಡು ಶನಿವಾರ ಕಳೆದವು, ಕಾಗದವಿಲ್ಲ. ಬಿಡುವಿಲ್ಲದಷ್ಟು ವ್ಯಾಪಾರ ಎಂದು ಊಹಿಸಿದ್ದೇನೆ. ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರು ವೆಂಕಟರಾಮಯ್ಯನವರಿಗೂ ಟೀ ಅಂಗಡಿಯ ಜಯಣ್ಣನಿಗೂ "ನನ್ನ ತಂಗಿ ಪಾವಗಡದಲ್ಲಿ ಹೊಸ ವ್ಯಾಪಾರ ಶುರು ಮಾಡಿದಾಳೆ" ಎಂದಿದ್ದೇನೆ. ಏನು ವ್ಯಾಪಾರ ಎಂದು ಹೇಳಲಿಲ್ಲ. ಪುಸ್ತಕದ ಪ್ರಕಾರ ಗುಟ್ಟು ಕಾಯಬೇಕು.

ಅಣ್ಣ

*

ಹೊಳವನಹಳ್ಳಿ
8 ಸೆಪ್ಟೆಂಬರ್ 2024

ಪ್ರೀತಿಯ ಯಶೋ,

ಶ್ರಾವಣವೂ ಮುಗಿಯಿತು. ಫೋನ್ ಮಾಡಿದರೆ ಭಾವ "ಚೆನ್ನಾಗವ್ಳೆ, ಕೆಲ್ಸದಾಗವ್ಳೆ" ಎಂದು ಇಟ್ಟುಬಿಡುತ್ತಾರೆ. ಸಂತೋಷ. ಕೆಂಪು ದಪ್ಪ ಪುಸ್ತಕವನ್ನು ಕಳಿಸಿದ್ದೇನೆ. ವ್ಯಾಪಾರ ಕೈಮೀರಿ ಬೆಳೆದಾಗ ಹೇಗೆ ಸಂಭಾಳಿಸಬೇಕು ಎಂಬ ಅಧ್ಯಾಯಕ್ಕೆ ಚೀಟಿ ಇದೆ. ಮಧುಗಿರಿಯಲ್ಲಿ ಒಂದು, ಶಿರಾದಲ್ಲಿ ಒಂದು ಶಾಖೆ ತೆರೆಯುವ ಬಗ್ಗೆ ಈಗಲೇ ಯೋಚಿಸು.

ಹಳದಿ ಪುಸ್ತಕ ಹದಿನೈದು ದಿನ ದಾಟಿ ಎಷ್ಟೋ ಆಯಿತು. ಇರಲಿ.

ಅಣ್ಣ

*

ಹೊಳವನಹಳ್ಳಿ
28 ಸೆಪ್ಟೆಂಬರ್ 2024

ಯಶೋ,

ಕೆಂಪು ಪುಸ್ತಕವನ್ನು ನೀನು ಬಿಚ್ಚದೆ ಹಾಗೇ ವಾಪಸ್ಸು ಕಳಿಸಿದ್ದೀಯ. ನಾನು ಸುತ್ತಿದ ದಾರವೂ ಹಾಗೇ ಇದೆ. ಭಾಷೆ ಕಷ್ಟವಾಯಿತೇನೋ ಅನ್ನಿಸಿತು. ಮಕ್ಕಳ ಕಪಾಟಿನಿಂದ ಚಿತ್ರವಿರುವ ಒಂದು ಪುಸ್ತಕ ಕಳಿಸಿದ್ದೇನೆ, ಸಂತೆಯಲ್ಲಿ ವ್ಯಾಪಾರ ಮಾಡುವ ಮೊಲದ ಕಥೆ. ಅದೇ ವಿಷಯ, ದಪ್ಪ ಅಕ್ಷರ.

ಒಂದು ಸಾಲಾದರೂ ಬರೆ. ನನಗೆ ನಿದ್ದೆ ಬರುತ್ತಿಲ್ಲ.

ಅಣ್ಣ

*

ರಾಯಚರ್ಲು
3 ಅಕ್ಟೋಬರ್ 2024

ಅಣ್ಣಾ,

ಮೊಲವನ್ನು ವಾಪಸ್ಸು ಕಳಿಸಿದ್ದೇನೆ. ಅದು ನನಗಿಂತ ಚೆನ್ನಾಗಿ ವ್ಯಾಪಾರ ಮಾಡಿದೆ.

ಬರೆಯಬಾರದು ಎಂದುಕೊಂಡಿದ್ದೆ. ನೀನು ಬಿಡುವವನಲ್ಲ. ಕೇಳು. ಆ ಶನಿವಾರ ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ನಾವು ಆರು ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಸಾವಿರಾರು ಜನ ಓಡಾಡಿದರು. ಬುಟ್ಟಿಯಲ್ಲಿ ಇಣುಕಿ ನೋಡಿ, ಕರಿ ಎಳ್ಳು ಕಂಡ ಕೂಡಲೇ ಹೆಂಗಸರು ಸೆರಗು ಎಳೆದುಕೊಂಡು ದೂರ ಸರಿಯುತ್ತಿದ್ದರು. ಒಬ್ಬಾಕೆ ತನ್ನ ಮಗುವಿನ ಕೈಗೆ ಬಡಿದಳು. ಕಡೆಗೆ ಒಬ್ಬ ಮುದುಕ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ತಾಯಿ, ಕಾಟ ಕಳೀಲಿ ಅಂತ ಎಳ್ಳನ್ನ ಇಲ್ಲಿ ಬುಟ್ಟೋಗಕ್ಕೆ ಬತ್ತೀವಿ. ಶನಿವಾರ ಎಳ್ಳು ಕೊಂಡು ಮನೀಗೆ ಒಯ್ಯಾದುಂಟಾ? ಶನೀನೇ ಕರ್ಕೊಂಡ್ ಹೋದಂಗಲ್ವಾ?"

ಅಣ್ಣಾ, ಜಾಗ ಖಾಲಿ ಇದ್ದುದು ಅದಕ್ಕೆ.

ಅಪ್ಪ ದೇವರ ಪಟಗಳನ್ನು ಇಳಿಸಿ ನಮ್ಮನ್ನು ಬೆಳೆಸಿದರು. ಶನಿ ರಾಹು ಕೇತು ಎಂಬ ಹೆಸರು ನಮ್ಮ ಮನೆಯೊಳಗೆ ಬರಲಿಲ್ಲ. ಇಲ್ಲಿ ಅತ್ತೆ ಮನೆಯೂ ಹಾಗೇ. ಇಪ್ಪತ್ತೈದು ವರ್ಷ ನಾನು ಶನಿವಾರವೇ ಅಂಗಡಿಯಿಂದ ಎಣ್ಣೆ ತಂದಿದ್ದೇನೆ. ಅವರ ಮನೆಯವರು ಹಾಗೇ ಎಂದು ಅಂಗಡಿಯವನು ಸುಮ್ಮನೆ ಅಳೆದುಕೊಟ್ಟಿದ್ದಾನೆ. ಯಾರೂ ನನಗೆ ಒಂದು ಮಾತು ಹೇಳಲಿಲ್ಲ.

ನನಗೆ ನೋವಾಗಿದ್ದು ಉಂಡೆ ಮಾರಾಟವಾಗದ್ದಕ್ಕಲ್ಲ. ಐವರಿಗೂ ಇದು ಮೊದಲೇ ಗೊತ್ತಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕೇಳಿದೆ, ಯಾಕೆ ಬಾಯಿ ಬಿಡಲಿಲ್ಲ ಎಂದು. ಮಹಾಲಕ್ಷ್ಮಮ್ಮ ಕಿಟಕಿಯ ಆಚೆ ನೋಡುತ್ತ ಹೇಳಿದಳು: "ಪುಸ್ತಕದಾಗ ಐತೆ ಅಂದ್ಯಲ್ಲಮ್ಮ. ನಾವೇನು ಓದ್ದೋರಾ, ಪುಸ್ತಕ ತಪ್ಪು ಅನ್ನಕ್ಕೆ?"

ಈಗ ಅವರು ನನ್ನ ಮನೆಗೆ ಬರುತ್ತಾರೆ, ಕೆಲಸ ಮಾಡುತ್ತಾರೆ, ಹೋಗುತ್ತಾರೆ. ಮಾತಿಲ್ಲ. ವ್ಯಾನಿನ ದಿನಕ್ಕೆ ಕಾಯುತ್ತಿದ್ದಾರೆ. ನಿನ್ನ ಪುಸ್ತಕದ ಮೇಲೆ ನನಗೆ ಸಿಟ್ಟು. ನಿನ್ನ ಮೇಲೂ.

ಯಶೋಧರಾ

*

ಹೊಳವನಹಳ್ಳಿ
10 ಅಕ್ಟೋಬರ್ 2024

ಯಶೋ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಜಯಣ್ಣನ ಅಂಗಡಿಗೆ ಹೋಗಿ, "ಶನಿವಾರ ಎಳ್ಳುಂಡೆ ಕೊಳ್ತೀಯೇನಯ್ಯ?" ಎಂದು ಕೇಳಿದೆ. ಅವನು ಟೀ ಸೋಸುವುದನ್ನು ನಿಲ್ಲಿಸಿ, "ಯಾಕ್ ಸಾ, ನಾನು ಚೆನ್ನಾಗಿರಾದು ನಿಮ್ಗೆ ಇಷ್ಟ ಇಲ್ವಾ?" ಎಂದ. ನಾಲ್ಕು ಹೆಜ್ಜೆ ನಡೆದು ಯಾರನ್ನು ಕೇಳಿದ್ದರೂ ಸಾಕಿತ್ತು. ನಾನು ಪಾಲಾಕ್ಷನನ್ನು ಮಾರುವವರಿದ್ದಾರೆಯೇ ಎಂದು ಕೇಳಿದೆ, ಕೊಳ್ಳುವವರಿದ್ದಾರೆಯೇ ಎಂದು ಕೇಳಲಿಲ್ಲ.

ಇನ್ನೊಂದು ಮಾತು ಮುಚ್ಚಿಟ್ಟಿದ್ದೆ. ನೀಲಿ ಪುಸ್ತಕದಲ್ಲಿ ಮೊದಲ ಎರಡು ಅಧ್ಯಾಯ ಮಾತ್ರ ಓದಿದ್ದೇನೆ. ಹಳದಿಯದು ಮುನ್ನುಡಿ ಮತ್ತು ಹಿಂದಿನ ರಟ್ಟು ಮಾತ್ರ. ಕೆಂಪು ಪುಸ್ತಕವನ್ನು ತೆರೆದೇ ಇರಲಿಲ್ಲ. ಚೀಟಿಗಳನ್ನು ಪರಿವಿಡಿ ನೋಡಿ ಇಟ್ಟೆ. ಮೂರು ವರ್ಷದಲ್ಲಿ ಆ ಕಪಾಟಿನ ಪುಸ್ತಕ ಕೇಳಿದವಳು ನೀನೊಬ್ಬಳೇ. ನನಗೆ ಗೊತ್ತಿಲ್ಲ ಎಂದು ನಿನಗೆ ಬರೆಯಲು ಮನಸ್ಸು ಬರಲಿಲ್ಲ.

ಏಕೆಂದೂ ಹೇಳಿಬಿಡುತ್ತೇನೆ. ನೀನು ಒಂಬತ್ತನೇ ಕ್ಲಾಸು ಪಾಸಾದ ವರ್ಷ ಅಮ್ಮ ಹಾಸಿಗೆ ಹಿಡಿದರು. ಮನೆಯಲ್ಲಿ ಒಬ್ಬರು ಇರಬೇಕಾಗಿತ್ತು. ನಾನು ಆಗ ಕಾಲೇಜು ಬಿಟ್ಟು ಪೋಲಿ ತಿರುಗುತ್ತಿದ್ದೆ. ಆದರೂ ಬಿಡಿಸಿದ್ದು ನಿನ್ನನ್ನು. ನಿನ್ನ ಪುಸ್ತಕಗಳನ್ನು ನೀನೇ ಕಟ್ಟಿ ಅಟ್ಟಕ್ಕೆ ಹಾಕಿದೆ, ಅಳಲಿಲ್ಲ. ನಾನು ನೋಡುತ್ತ ನಿಂತಿದ್ದೆ, "ಅವಳು ಹೋಗಲಿ, ನಾನು ಇರ್ತೀನಿ" ಎನ್ನಲಿಲ್ಲ. ಆಮೇಲೆ ನಾನು ಲೈಬ್ರರಿಯವನಾದೆ. ಮೂವತ್ತು ವರ್ಷದ ಮೇಲೆ ನೀನು "ಯಾವುದನ್ನು ಓದಬೇಕು" ಎಂದು ಕೇಳಿದಾಗ ನನಗೆ ಎಲ್ಲ ಗೊತ್ತಿರಬೇಕು ಅನ್ನಿಸಿತು.

ಬೈದು ಬರೆ. ಬರೆಯದೆ ಇರಬೇಡ.

ಅಣ್ಣ

*

ರಾಯಚರ್ಲು
27 ಅಕ್ಟೋಬರ್ 2024

ಅಣ್ಣಾ,

ಪೂರ್ತಿ ಓದದ ಪುಸ್ತಕವನ್ನು "ಚೆನ್ನಾಗಿ ಬಿಡಿಸಿ ಹೇಳಿದ್ದಾರೆ" ಎಂದು ಬರೆದೆಯಲ್ಲ, ನಿನಗೆ ನಾಚಿಕೆಯಾಗಬೇಕು! ನಾನು ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆನಪ್ಪ. ಅಲ್ಲಿ ನನಗಿಂತ ನೀನೇ ಹಿಂದೆ.

ಇನ್ನೊಂದು ವಿಷಯಕ್ಕೆ ಏನೂ ಬರೆಯುವುದಿಲ್ಲ. ನಿನ್ನ ಕಾಗದ ಓದಿ ನಾನೂ ಸ್ವಲ್ಪ ಅತ್ತೆ, ಅಷ್ಟು ಸಾಕು. ನನ್ನ ಸಿಟ್ಟು ಹೋಯಿತು ಎಂದು ಮಾತ್ರ ತಿಳಿದುಕೋ.

ನಿನ್ನ ಕಾಗದದ ಮೇಲೆ ನನಗೆ ಒಂದು ಧೈರ್ಯ ಬಂತು. ಮಾರನೇ ದಿನ ಐವರನ್ನೂ ಕೂರಿಸಿ ಹೇಳಿದೆ: ಪುಸ್ತಕ ಕಳಿಸಿದ ನಮ್ಮಣ್ಣನೇ ಅದನ್ನು ಓದಿಲ್ಲವಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಹಾಲಕ್ಷ್ಮಮ್ಮನಿಗೆ ಕಣ್ಣಲ್ಲಿ ನೀರೇ ಬಂತು. "ಓದ್ದೋರೂ ಇಂಗೇನಾ?" ಎಂದಳು. ಎರಡು ತಿಂಗಳ ಬಿಗುಮಾನ ಅಲ್ಲಿಗೆ ಒಡೆಯಿತು.

ಈಗ ಅವರು ಕಡಲೆಬೀಜ ಹಸನು ಮಾಡುವಾಗ ನಾನು ಹಳದಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ. ಒಂದೊಂದು ಪುಟಕ್ಕೆ ನಿಲ್ಲಿಸಿ, ಹೌದೋ ಅಲ್ಲವೋ ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಸಹನಾ ಚೀಟಿಯಲ್ಲಿ ಬರೆದು ಅದೇ ಪುಟದಲ್ಲಿ ಇಡುತ್ತಾಳೆ. ಪೆನ್ಸಿಲ್ ತಾಗಿಸಿಲ್ಲ. ಎಣ್ಣೆ ಸ್ವಲ್ಪ ತಾಗಿದೆ.

ಯಶೋ

*

ಹೊಳವನಹಳ್ಳಿ
5 ನವೆಂಬರ್ 2024

ಪ್ರೀತಿಯ ಯಶೋ,

ಹಳದಿ ಪುಸ್ತಕ ಬಂತು. ಹೊಟ್ಟೆ ಉಬ್ಬಿಸಿಕೊಂಡು ಬಂದಿದೆ. ಕಪಾಟಿಗೆ ಇಡುವ ಮೊದಲು ಚೀಟಿಗಳನ್ನು ತೆಗೆಯೋಣ ಎಂದು ಕೂತವನು ಮಧ್ಯಾಹ್ನದ ಊಟ ಮರೆತೆ.

ಗಿರಾಕಿಯೇ ರಾಜ ಎಂಬಲ್ಲಿ: "ರಾಜ ನಮ್ ಬೀದೀಗೆ ಯಾಕ್ ಬತ್ತಾನೆ? ನೆಂಟ ಅನ್ನಿ, ಬತ್ತಾನೆ." ಬೇಗ ಸೋತು ಬೇಗ ಕಲಿ ಎಂಬಲ್ಲಿ: "ಸೋತ ದಿನದ ಕೂಲಿ ಯಾರ್ ಕೊಡ್ತಾರೆ ಅಂತ ಬರ್ದಿಲ್ಲ." ಪ್ರತಿ ಕೆಲಸಗಾರನೂ ತಾನೇ ಮಾಲೀಕ ಎಂದುಕೊಳ್ಳಬೇಕು ಎಂಬಲ್ಲಿ ಸಹನಾಳದೇ ಇರಬೇಕು: "ಅಂದ್ಕೊಂಡ್ರೆ ಸಾಕಾ? ಆಗೋದ್ ಯಾವಾಗ?" ಖಾಲಿ ಜಾಗದ ಪುಟದಲ್ಲಿ: "ಯಾಕ್ ಖಾಲಿ ಐತೆ ಅಂತ ಮೊದ್ಲು ಪಕ್ಕದೋರ್ನ ಕೇಳು."

ಈ ಕೊನೆಯದನ್ನು ವೆಂಕಟರಾಮಯ್ಯನವರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ಇಂಥಾ ಮಾತು ಯಾವ ಪುಸ್ತಕದಾಗೂ ಇರಲ್ಲ ಕಣಯ್ಯ" ಎಂದರು. ಪುಸ್ತಕವನ್ನು ಮನೆಗೂ ತೆಗೆದುಕೊಂಡು ಹೋದರು. ಅವರಾದ ಮೇಲೆ ಇನ್ನಿಬ್ಬರು ಹೆಸರು ಬರೆಸಿದ್ದಾರೆ. ಚೀಟಿಗಳನ್ನು ತೆಗೆಯುವುದಿಲ್ಲ. ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳಿದರೆ ನಾನು ನೋಡಿಕೊಳ್ಳುತ್ತೇನೆ.

ನಾನೂ ಈಗ ಓದುತ್ತಿದ್ದೇನೆ. ಪ್ರಮಾಣವಾಗಿ.

ಅಣ್ಣ

*

ರಾಯಚರ್ಲು
24 ನವೆಂಬರ್ 2024

ಅಣ್ಣಾ,

ಒಂದು ಒಳ್ಳೆಯ ಸುದ್ದಿ, ಅದರೊಳಗೇ ಒಂದು ಸಂಕಟ.

ಹುರಿಯದೆ ಉಳಿದ ಕರಿ ಎಳ್ಳನ್ನು ಏನು ಮಾಡುವುದು ಎಂಬ ಮಾತು ಬಂದಾಗ ಮಹಾಲಕ್ಷ್ಮಮ್ಮ ಹೇಳಿದಳು: "ಎಳ್ಳು ದೇವ್ರತ್ರಕ್ಕೆ ಹೋಗ್ಬೇಕು ಕಣಮ್ಮ, ಅಲ್ಲಿಂದ ಬರಬಾರ್ದು. ನಾವು ಉಲ್ಟಾ ಮಾಡಿದ್ವಿ." ಅಷ್ಟೇ, ಎಲ್ಲರಿಗೂ ದೀಪ ಹತ್ತಿದಂತಾಯಿತು. ಎಳ್ಳನ್ನು ಕರಿ ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ ಎಳ್ಳುಬತ್ತಿ ಮಾಡುವುದು. ಅದನ್ನು ಜನ ಎಣ್ಣೆಯಲ್ಲಿ ಅದ್ದಿ ಶನಿಯ ಮುಂದೆ ಹಚ್ಚುತ್ತಾರಂತೆ. ಶನಿವಾರ ಕೊಳ್ಳುವುದಿಲ್ಲ, ಸರಿ. ಹಾಗಾದರೆ ಅವರು ಹೊರಡುವ ಊರುಗಳಲ್ಲೇ, ಮಧುಗಿರಿ, ಶಿರಾ, ಕೊರಟಗೆರೆಯ ಪೂಜೆ ಸಾಮಾನಿನ ಅಂಗಡಿಗಳಲ್ಲಿ, ಗುರುವಾರ ಶುಕ್ರವಾರವೇ ಸಿಗುವಂತೆ ಇಡುವುದು. ಶನಿವಾರ ಪಾವಗಡದಲ್ಲಿ ಹಸಿದು ವಾಪಸ್ಸು ಹೋಗುವವರಿಗೆ ಎಳ್ಳು ಸೋಕದ ಕಡಲೆಬೀಜದ ಉಂಡೆ. ಸಹನಾ ಟೈಲರ್ ಅಂಗಡಿಯಿಂದ ಕರಿ ಬಟ್ಟೆಯ ಚೂರುಗಳನ್ನು ಆಗಲೇ ತಂದಿಟ್ಟಿದ್ದಾಳೆ.

ನನ್ನ ಕೈ ಓಡುತ್ತಿಲ್ಲ ಅಣ್ಣ. ಅಪ್ಪ ನಮಗೆ ಹೇಳಿಕೊಟ್ಟಿದ್ದೇನು? ಈಗ ನಾನು ಜನರ ಭಯವನ್ನು ಗಂಟು ಕಟ್ಟಿ ಮಾರಲೇ? ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿದ್ದರೇ? ಬೇಡ ಎಂದರೆ ಐವರೂ ವ್ಯಾನು ಹತ್ತುತ್ತಾರೆ. ಸಂಕ್ರಾಂತಿಗೆ ಏಳು ವಾರವಿದೆ. ಈ ಸಲ ಪುಸ್ತಕ ಬೇಡ. ನೀನು ಏನೆನ್ನುತ್ತೀಯ ಹೇಳು.

ಯಶೋ

*

ಹೊಳವನಹಳ್ಳಿ
7 ಡಿಸೆಂಬರ್ 2024

ಪ್ರೀತಿಯ ಯಶೋ,

ನಿನ್ನೆ ಬಾಬಾಸಾಹೇಬರ ಪರಿನಿಬ್ಬಾಣ ದಿನ. ದೀಪ ಹಚ್ಚಿ ಬಂದೆ. ಇವತ್ತು ಕೂತು ಬರೆಯುತ್ತಿದ್ದೇನೆ. ಎರಡು ವಾರ ಉತ್ತರ ಬರೆಯದೆ ಇದ್ದುದು ಗೊತ್ತಿಲ್ಲದ್ದಕ್ಕೆ. ಈಗಲೂ ಪೂರ್ತಿ ಗೊತ್ತಿಲ್ಲ. ಈ ಸಲ ಅದನ್ನು ಮೊದಲೇ ಹೇಳುತ್ತೇನೆ.

ಅಪ್ಪ ನಮಗೆ ಕಲಿಸಿದ್ದು ಹೆದರಬೇಡಿ ಎಂದು. ನೀನು ಈಗ ಅಪ್ಪನಿಗೇ ಹೆದರುತ್ತಿದ್ದೀಯ. ಬತ್ತಿ ಹಚ್ಚುವವರಿಗೆ ಶನಿಯ ಭಯ, ನಿನಗೆ ಅಪ್ಪನ ಭಯ. ಎರಡೂ ಭಯವೇ ಅಲ್ಲವೇ?

ನಿನಗೆ ನಂಬಿಕೆಯಿಲ್ಲದ್ದನ್ನು ನಿನ್ನ ಕೈಯಿಂದ ಕಟ್ಟಬೇಡ. ಆದರೆ ಕಟ್ಟುವವರ ಕೈಯನ್ನೂ ಹಿಡಿಯಬೇಡ. ಅವರು ಒಂದು ಸಲ ನಿನ್ನ ಪುಸ್ತಕಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರು. ನಿನ್ನ ನಂಬಿಕೆಗೆ ಹೆದರಿ ಇನ್ನೊಂದು ಸಲ ಮುಚ್ಚಿಕೊಳ್ಳುವುದು ಬೇಡ. ನಿನ್ನ ಮನಸ್ಸಿನಲ್ಲಿರುವುದನ್ನು ಅವರ ಮುಂದೆ ಹೇಳು, ಆಮೇಲೆ ಅವರು ಏನೆನ್ನುತ್ತಾರೋ ಕೇಳು.

ಇಷ್ಟೇ ನನಗೆ ತೋಚಿದ್ದು. ತಪ್ಪಿದ್ದರೆ ಚೀಟಿ ಬರೆದು ಕಳಿಸು.

ಅಣ್ಣ

*

ರಾಯಚರ್ಲು
21 ಜನವರಿ 2025

ಅಣ್ಣಾ,

ನಿನ್ನ ಕಾಗದ ಬಂದ ದಿನವೇ ಐವರಿಗೂ ಹೇಳಿದೆ. ನನಗೆ ಶನಿಯಲ್ಲಿ ನಂಬಿಕೆಯಿಲ್ಲ, ನಾನು ಬತ್ತಿ ಕಟ್ಟುವುದಿಲ್ಲ. ಆದರೆ ಇದು ನೀವು ಕಂಡುಕೊಂಡ ದಾರಿ, ನೀವೇ ನಡೆಸಿ. ಸಂಘಕ್ಕೆ ನಾನು ಅಧ್ಯಕ್ಷೆಯಾಗಿರುವುದು ಬೇಡ, ಮಹಾಲಕ್ಷ್ಮಮ್ಮ ಆಗಲಿ ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು "ನಿಂಗೆ ಇಷ್ಟ ಇಲ್ಲ ಅಂತ ಬಾಯ್ಬಿಟ್ಟು ಹೇಳ್ದೆ ನೋಡು, ಅದು ಚೆನ್ನಾಯ್ತು" ಎಂದಳು. ಮಾರನೇ ದಿನ ಬಂದು ಒಪ್ಪಿಕೊಂಡಳು.

ಎಳ್ಳುಬತ್ತಿ ಚೆನ್ನಾಗಿ ಮಾರಾಟವಾಗುತ್ತಿದೆ ಅಣ್ಣ. ಪಾಲಾಕ್ಷ ಗುರುವಾರದ ಬಸ್ಸಿನಲ್ಲಿ ಮಧುಗಿರಿ, ಕೊರಟಗೆರೆಗೆ ಒಯ್ಯುತ್ತಾನೆ. ಶಿರಾಕ್ಕೆ ಸಹನಾ ತಾನೇ ಹೋಗಿ ಎರಡು ಅಂಗಡಿ ಗೊತ್ತು ಮಾಡಿ ಬಂದಳು. ಶನಿವಾರದ ಉಂಡೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಶ್ರೀಮಂತರಾಗುವಷ್ಟಲ್ಲ, ವಾರಕ್ಕೆ ಐದು ದಿನ ಕೆಲಸ ಸಿಗುವಷ್ಟು.

ನಿನ್ನೆ ಬೆಳಿಗ್ಗೆ ಆರಕ್ಕೆ ವ್ಯಾನು ಬಂತು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ನಮ್ಮ ಐವರಲ್ಲಿ ಒಬ್ಬಳು ಮಾತ್ರ ಹತ್ತಿದಳು. ಅವಳ ಗಂಡ ಮುಂಗಡ ಇಸಿದುಕೊಂಡಿದ್ದನಂತೆ, ಅವಳೇನು ಮಾಡಿಯಾಳು. ಸಹನಾ ವ್ಯಾನಿನ ಹತ್ತಿರ ಹೋಗಿ, ಡ್ರೈವರ್‌ನೊಂದಿಗೆ ಏನೋ ಮಾತಾಡಿ, ಪಟ್ಟಿಯಲ್ಲಿದ್ದ ತನ್ನ ಹೆಸರನ್ನು ಹೊಡೆಸಿ ವಾಪಸ್ಸು ಬಂದಳು. ಏಕೆ ಎಂದು ಕೇಳಿದೆ. "ಅಲ್ಲಿ ಯಾರೂ ನನ್ನ ಏನೂ ಕೇಳಲ್ಲ ಅಕ್ಕ. ಇಲ್ಲಿ ಪುಸ್ತಕನೂ ನನ್ನ ಕೇಳ್ತದೆ" ಎಂದಳು. ಮಹಾಲಕ್ಷ್ಮಮ್ಮ ವ್ಯಾನಿನ ಕಡೆ ತಿರುಗಿಯೂ ನೋಡದೆ ಒಲೆ ಹಚ್ಚುತ್ತಿದ್ದಳು.

ಇನ್ನು ನಿನಗೆ ಹೇಳಬೇಕಾದ್ದು. ಬತ್ತಿ ಕಟ್ಟುವ ದಿನಗಳಲ್ಲಿ ನನಗೆ ಕೆಲಸವಿರುವುದಿಲ್ಲ. ಅವರ ಪಕ್ಕ ಕೂತು ನೀನು ಮತ್ತೆ ಕಳಿಸಿದ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತೇನೆ. ನೀಲಿ ಮುಗಿಯಿತು, ಕೆಂಪು ಅರ್ಧಕ್ಕೆ ಬಂದಿದೆ, ಅದಕ್ಕೆ ನಮ್ಮವರು ದಿನವೂ ಜಗಳವಾಡುತ್ತಾರೆ. ಮೊನ್ನೆ ಭಾನುವಾರ ಕೂಲಿ ಹಂಚುವಾಗ ನಾನು ಬತ್ತಿ ದಿನಗಳ ಪಾಲು ಬೇಡ ಎಂದೆ, ಕೈ ಆಡಿಸದವಳಿಗೆ ಎಂಥ ಕೂಲಿ? ಮಹಾಲಕ್ಷ್ಮಮ್ಮ ಸಹನಾಳ ಕೈಯಿಂದ ಕೆಂಪು ಪುಸ್ತಕ ಕಿತ್ತುಕೊಂಡು ನನ್ನ ಮುಂದೆ ಇಟ್ಟಳು.

"ಬೆಳಗಿಂದ ಬೈಗಿನ ಗಂಟ ಗಂಟ್ಲು ಹರ್ಕೊಂಡು ಓದ್ತೀಯ, ಅದು ಕೆಲ್ಸ ಅಲ್ವಾ? ಲೇ ಸಹನಾ, ಇವ್ಳ ಹೆಸರ ಮುಂದೆ 'ಓದೋ ಕೆಲ್ಸ' ಅಂತ ಬರಿ. ನಮ್ಮಷ್ಟೇ ಕೂಲಿ ಹಾಕು."

ಸಹನಾ ಕೂಲಿ ಲೆಕ್ಕದಲ್ಲಿ ಹಾಗೇ ಬರೆದಳು. ಎಲ್ಲರ ಮುಂದೆಯೇ ಅತ್ತುಬಿಟ್ಟೆ ಅಣ್ಣ. ಆ ದುಡ್ಡನ್ನು ಇನ್ನೂ ಖರ್ಚು ಮಾಡಿಲ್ಲ. ಮನೆಯಲ್ಲಿ ಇವರು ಏನು ತಂದುಕೊಡಲಿ ಎಂದು ಎರಡು ಸಲ ಕೇಳಿದರು. ನನಗೆ ಏನೂ ಬೇಕು ಅನ್ನಿಸುತ್ತಿಲ್ಲ.

ಯಶೋ